ಮಸೂದೆಯನ್ನು ಮೊದಲೇ ಓದುವವರು

ಕಾನೂನು ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಅದರ ವಿರುದ್ಧ ಮನವಿ ಸಲ್ಲಿಸುವುದು ವರ್ತಕ ಸಮುದಾಯದ ಹಳೆಯ ರೂಢಿ. ಅದೇ ಕಾನೂನು ಮಸೂದೆಯ ರೂಪದಲ್ಲಿರುವಾಗಲೇ ಓದಿ, ತಮಗೆ ಅನುಕೂಲವಾಗುವಂತೆ ತಿದ್ದಿಸಿಕೊಳ್ಳುವವರೂ ಇದ್ದಾರೆ. ಅಂಥವರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿ.ಐ.ಎ. ಕೂಡ ಒಂದು. ಅದರ ಕಾರ್ಯವಿಧಾನವು ವರ್ತಕರು ಹಾಗೂ ಸಣ್ಣ ಉದ್ಯಮಿಗಳ ಗಮನಕ್ಕೆ ಅರ್ಹವಾಗಿದೆ.

ಈ ಸಂಸ್ಥೆಯಲ್ಲಿ ಶಾಸನ ವ್ಯವಹಾರಗಳಿಗೆಂದೇ ಒಂದು ಕಚೇರಿ ಬಹುಕಾಲದಿಂದ ಇದೆ. ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾಗುವ ಮಸೂದೆಗಳಲ್ಲಿ ಸಂಸ್ಥೆಗೆ ಸಂಬಂಧಿಸಿದವನ್ನು ಗುರುತಿಸುವುದು, ಸಮಿತಿಗಳ ಸಿಬ್ಬಂದಿಯನ್ನು ಭೇಟಿ ಮಾಡುವುದು, ಆಕ್ಷೇಪಣೆಯನ್ನು ಲಿಖಿತವಾಗಿ ಸಿದ್ಧಪಡಿಸುವುದು ಅದರ ಕೆಲಸ. 1970ರ ದಶಕದಲ್ಲಿ ಯಾರೊಡನೆ ಯಾವ ಮಸೂದೆಯ ಬಗ್ಗೆ ಮಾತುಕತೆಯಾಯಿತೆಂಬುದನ್ನು ಈ ಕಚೇರಿ ದಿನಚರಿಯಲ್ಲಿ ಬರೆದಿಡುತ್ತಿತ್ತು. ವ್ಯಾಪಾರಿಯ ರೋಜು ಪುಸ್ತಕದಂತಿದ್ದ ಆ ದಿನಚರಿಯ ಅನೇಕ ಪುಟಗಳು ದಶಕಗಳ ನಂತರ ಸಾರ್ವಜನಿಕರಿಗೆ ಲಭ್ಯವಾದವು. ಸರ್ಕಾರಿ ಹಣವನ್ನು ಸಂಸತ್ತಿನ ಮೇಲೆ ಒತ್ತಡ ತರಲು ಬಳಸಬಾರದೆಂಬ ಕಾನೂನು ಅಲ್ಲಿ 1919ರಿಂದಲೇ ಇದೆ. ಆದರೆ ಅಧಿಕೃತ ಮಾರ್ಗದಲ್ಲಿ ಅಭಿಪ್ರಾಯ ತಿಳಿಸಲು ಅದು ಅಡ್ಡಿಯಲ್ಲ. ಸಂಸ್ಥೆಯ ಪ್ರಭಾವವೆಲ್ಲ ಬಹುಮಟ್ಟಿಗೆ ಈ ಅವಕಾಶದ ಮೂಲಕವೇ ಹರಿಯುತ್ತದೆ.

1974ರ ಪ್ರಸಂಗ ಇದಕ್ಕೆ ನಿದರ್ಶನ. ಮಾಹಿತಿ ಸ್ವಾತಂತ್ರ್ಯ ಕಾಯ್ದೆಗೆ ಆ ವರ್ಷ ತಂದ ತಿದ್ದುಪಡಿಯು, ಸರ್ಕಾರ ರಹಸ್ಯವೆಂದು ಮುದ್ರೆಯೊತ್ತಿದ ಕಡತವನ್ನು ನ್ಯಾಯಾಧೀಶರು ತಾವೇ ಪರಿಶೀಲಿಸುವ ಅಧಿಕಾರ ನೀಡುತ್ತಿತ್ತು. ಸಿ.ಐ.ಎ. ಇದನ್ನು ವಿರೋಧಿಸಿತು. ಮಸೂದೆಯನ್ನು ತಡೆಯಬೇಕಾದರೆ ಅಧ್ಯಕ್ಷರಿಗೆ ನೇರವಾಗಿ ಮತ್ತು ಬೇಗನೆ ಅಭಿಪ್ರಾಯ ತಿಳಿಸಬೇಕೆಂದು ನ್ಯಾಯ ಇಲಾಖೆಯ ಅಂದಿನ ಅಧಿಕಾರಿ, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಆಂಟೋನಿನ್ ಸ್ಕಾಲಿಯಾ ಸಂಸ್ಥೆಗೆ ಸೂಚಿಸಿದ್ದುದು ದಾಖಲೆಗಳಿಂದ ತಿಳಿದುಬರುತ್ತದೆ. ಅಕ್ಟೋಬರ್ 17ರಂದು ಅಧ್ಯಕ್ಷ ಫೋರ್ಡ್ ಅಂಕಿತ ನಿರಾಕರಿಸಿದರು. ಆದರೆ ನವೆಂಬರ್ ತಿಂಗಳಲ್ಲಿ ಕೆಳಮನೆಯು 371-31 ಹಾಗೂ ಸೆನೆಟ್ 65-27 ಮತಗಳಿಂದ ಆ ನಿರಾಕರಣೆಯನ್ನು ತಳ್ಳಿಹಾಕಿ ಮಸೂದೆಯನ್ನು ಕಾನೂನಾಗಿಸಿದವು.

ಸಂಸ್ಥೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. 1981ರಲ್ಲಿ ನಿರ್ದೇಶಕ ವಿಲಿಯಂ ಕೇಸಿಯವರ ಅವಧಿಯಲ್ಲಿ ಈ ಕಾಯ್ದೆಯಿಂದ ಸಂಪೂರ್ಣ ವಿನಾಯಿತಿಯನ್ನೇ ಕೇಳಿತು, ಅದು ದೊರೆಯಲಿಲ್ಲ. ಬಳಿಕ ಬೇಡಿಕೆಯನ್ನು ಕಿರಿದುಗೊಳಿಸಿತು. ಕಾರ್ಯಾಚರಣೆಯ ಕಡತಗಳನ್ನು ಹುಡುಕಲು ಅಪಾರ ಶ್ರಮ ವ್ಯಯವಾದರೂ ಕೊನೆಗೆ ಅವುಗಳಿಂದ ಬಹಿರಂಗಪಡಿಸಬಹುದಾದದ್ದು ಏನೂ ಸಿಗುವುದಿಲ್ಲ, ಅವುಗಳಿಗೆ ವಿನಾಯಿತಿ ನೀಡಿದರೆ ಉಳಿದ ಅರ್ಜಿಗಳು ಬೇಗ ವಿಲೇವಾರಿಯಾಗುತ್ತವೆ ಎಂದು ವಾದಿಸಿತು. ಸಂಸತ್ತು ಒಪ್ಪಿತು, ಆದರೆ ಷರತ್ತುಗಳನ್ನು ವಿಧಿಸಿತು: ನಾಗರಿಕನು ತನ್ನ ಕುರಿತಾದ ಮಾಹಿತಿ ಕೇಳಿದಾಗ ಮತ್ತು ಅಕ್ರಮದ ತನಿಖೆಯಾದ ವಿಷಯಗಳಲ್ಲಿ ವಿನಾಯಿತಿ ಅನ್ವಯಿಸದು, ನ್ಯಾಯಾಲಯದ ಪರಿಶೀಲನೆಯೂ ಉಳಿಯುವುದು. 1984ರ ಅಕ್ಟೋಬರ್ 15ರಂದು ಇದು ಕಾನೂನಾಯಿತು.

ಎಲ್ಲವನ್ನೂ ಕೇಳಿದಾಗ ಏನೂ ಸಿಗಲಿಲ್ಲ. ಒಂದನ್ನೇ ಕಾರಣಸಹಿತ ಕೇಳಿದಾಗ ಸಿಕ್ಕಿತು. ತೆರಿಗೆಯನ್ನೇ ರದ್ದುಗೊಳಿಸಿರೆಂದು ಮನವಿ ಬರೆಯುವ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ತನ್ನ ಮೇಲಿನ ನಿಯಂತ್ರಣದ ಮಸೂದೆಯ ಬಗ್ಗೆ ಸಂಸ್ಥೆಯೇ ಅಭಿಪ್ರಾಯ ಕೊಡುವುದು, ಲೆಕ್ಕಪರಿಶೋಧನೆಗೆ ಒಳಗಾಗುವವನೇ ಪರಿಶೋಧನೆಯ ನಿಯಮ ಬರೆದಂತೆ. ಎದುರು ಪಕ್ಷದವರಿಗೆ ಕಡತ ಕಾಣದು. ಅಮೆರಿಕದಲ್ಲಿ ಈ ಅಸಮತೋಲನವನ್ನು ಸ್ವಲ್ಪವಾದರೂ ತಗ್ಗಿಸಿದ್ದು ಸಂಸತ್ತಿನ ಸಮಿತಿಗಳು, ಮತ್ತು ತಡವಾಗಿಯಾದರೂ ಹೊರಬಂದ ದಾಖಲೆಗಳು.

ಭಾರತದಲ್ಲಿ ಗುಪ್ತಚರ ದಳ ಹಾಗೂ ರಾ ಸಂಸ್ಥೆಗಳಿಗೆ ಸಂಸತ್ತು ರೂಪಿಸಿದ ಸ್ಥಾಪನಾ ಕಾಯ್ದೆಯೇ ಇಲ್ಲ. ಅವುಗಳನ್ನು ಕಾನೂನಿನ ಚೌಕಟ್ಟಿಗೆ ತರಲು ಸಂಸದ ಮನೀಶ್ ತಿವಾರಿ 2011ರಲ್ಲಿ ಮಂಡಿಸಿದ ಖಾಸಗಿ ಮಸೂದೆ ಕಾನೂನಾಗಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಪ್ರಕರಣವು ಎರಡನೇ ಅನುಸೂಚಿಯ ಸಂಸ್ಥೆಗಳಿಗೆ ವಿನಾಯಿತಿ ನೀಡಿದೆ. ಆ ಪಟ್ಟಿಯಲ್ಲಿ ಇವೆರಡರ ಜೊತೆಗೆ ಕಂದಾಯ ಗುಪ್ತಚರ ನಿರ್ದೇಶನಾಲಯ ಮತ್ತು ಜಾರಿ ನಿರ್ದೇಶನಾಲಯವೂ ಸೇರಿವೆ ಎಂಬುದನ್ನು ಆಮದು ರಫ್ತು ವ್ಯವಹಾರದವರು ಮರೆಯಬಾರದು. ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಗಷ್ಟೇ ಈ ವಿನಾಯಿತಿ ಇಲ್ಲ. ಇಂಥ ಪಟ್ಟಿಗಳು ಮಸೂದೆಯ ಹಂತದಲ್ಲೇ ಸಿದ್ಧವಾಗುತ್ತವೆ. ಅವು ವರ್ತಕರ ಗಮನಕ್ಕೆ ಬರುವುದು ಸಮನ್ಸ್ ಬಂದಾಗ.

ಮಾರ್ಗ ಇಲ್ಲದೆ ಇಲ್ಲ. 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕೇಂದ್ರ ಸರ್ಕಾರದ ಇಲಾಖೆಗಳು ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಇದಕ್ಕೆ ಕಾಯ್ದೆಯ ಬಲವಿಲ್ಲದ ಕಾರಣ ಪಾಲನೆಯಾಗದ ಸಂದರ್ಭಗಳೂ ಇವೆ. ಆದರೂ 2025ರ ಫೆಬ್ರವರಿಯಲ್ಲಿ ಮಂಡನೆಯಾದ ಆದಾಯ ತೆರಿಗೆ ಮಸೂದೆಯ ಉದಾಹರಣೆ ಆಶಾದಾಯಕ. ಗಡುವು ಮೀರಿ ವಿವರಪಟ್ಟಿ ಸಲ್ಲಿಸಿದವರಿಗೆ ತೆರಿಗೆ ಮರುಪಾವತಿ ತಪ್ಪಿಸುವಂತಿದ್ದ ನಿಬಂಧನೆಯನ್ನು ಕೈಬಿಡಲು ಲೋಕಸಭೆಯ ಆಯ್ಕೆ ಸಮಿತಿ ಶಿಫಾರಸು ಮಾಡಿತು. ಸರ್ಕಾರ ಮಸೂದೆಯನ್ನು ಹಿಂಪಡೆದು ಆಗಸ್ಟ್‌ನಲ್ಲಿ ಪರಿಷ್ಕೃತ ಮಸೂದೆ ತಂದಾಗ ಅದು ಇರಲಿಲ್ಲ.

ಪ್ರತಿಯೊಂದು ವಾಣಿಜ್ಯ ಸಂಘವೂ ಬಾಕಿಯಿರುವ ಮಸೂದೆಗಳಿಗೆ ಒಂದು ವಹಿ ತೆರೆಯುವುದು ಉಚಿತ: ಮಸೂದೆಯ ಹೆಸರು, ಅದು ಇರುವ ಹಂತ, ಬಾಧಿಸುವ ಖಂಡ, ಸೂಚಿಸಿದ ಬದಲಿ ವಾಕ್ಯ, ಭೇಟಿಯಾದ ಅಧಿಕಾರಿ. ಗುಪ್ತಚರ ಸಂಸ್ಥೆಯ ಶಿಸ್ತನ್ನು ಅನುಸರಿಸಬಹುದು, ಅದರ ಗೋಪ್ಯತೆಯನ್ನಲ್ಲ. ಸಂಘವು ಸರ್ಕಾರಕ್ಕೆ ಬರೆದ ಪ್ರತಿಯೊಂದು ಮನವಿಯೂ ಸದಸ್ಯರ ಓದಿಗೆ ದೊರೆಯುವಂತಿರಬೇಕು. ಬೆಳಕಿನಲ್ಲಿ ಕೇಳಿದ್ದನ್ನು ಮಾತ್ರವೇ ನಾಳೆ ಬೆಳಕಿನಲ್ಲಿ ಸಮರ್ಥಿಸಿಕೊಳ್ಳಲು ಸಾಧ್ಯ.