ಕರಿಯ ಲೇಪದ ಮರೆಯಲ್ಲಿ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಾದಿಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಅಂಬಾಸಿಡರ್ ಕಾರು ಇಂದು ಅಪರೂಪವಾಗಿದೆ. ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಉಳಿದವುಗಳನ್ನು ಅಕ್ಕರೆಯಿಂದ ಜೀರ್ಣೋದ್ಧಾರ ಮಾಡಿಸುವವರು ನಮ್ಮಲ್ಲಿಯೂ ಇದ್ದಾರೆ. ಆದರೆ ಅವರಲ್ಲಿ ಅನೇಕರು ಮೈಗೆ ಹೊಸ ಬಣ್ಣ ಬಳಿಸಿ, ತಳಕ್ಕೆ ಮಾತ್ರ ಹಳೆಯ ಡಾಂಬರು ಲೇಪದ ಮೇಲೆಯೇ ಹೊಸದೊಂದನ್ನು ಹಚ್ಚಿಸಿ ತೃಪ್ತರಾಗುತ್ತಾರೆ. ಇದು ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ.

ಗಟ್ಟಿಯಾಗಿ ಅಂಟಿಕೊಂಡಿರುವವರೆಗೆ ಲೇಪವು ಉಕ್ಕಿನ ರಕ್ಷಕವೇ ಸರಿ. ಆದರೆ ಬಿಸಿಲು ಚಳಿಗಳಿಗೆ ಡಾಂಬರು ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ವರ್ಷಗಳುರುಳಿದಂತೆ ಪೆಡಸಾಗಿ ಬಿರಿಯುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಆ ಬಿರುಕುಗಳೊಳಗೆ ನೀರು ಸರಿಯುತ್ತದೆ. ಹಾನಗಲ್ಲಿನ ಗದ್ದೆಬಯಲಿನ ಕೆಸರಾಗಲಿ, ಸವಣೂರಿನ ಎರೆಮಣ್ಣಾಗಲಿ ಮೆತ್ತಿಕೊಂಡರೆ ಆ ತೇವ ಬೇಗನೆ ಆರದು. ತುಕ್ಕು ಹುಟ್ಟಿ, ಮೂಲ ಕಬ್ಬಿಣಕ್ಕಿಂತ ಹೆಚ್ಚಿನ ಸ್ಥಳವನ್ನು ಆಕ್ರಮಿಸಿ, ಲೇಪವನ್ನು ಮತ್ತಷ್ಟು ಎಬ್ಬಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತಲ್ಲವೆ?

ಈ ಕಾರಿಗೆ ಲಾರಿಯಂತೆ ಪ್ರತ್ಯೇಕವಾದ ಚೌಕಟ್ಟಿಲ್ಲ. ತಳದ ತಗಡೇ ಅದರ ಅಸ್ಥಿಪಂಜರದ ಅಂಗ. ನನ್ನ ಪರಿಚಿತರೊಬ್ಬರ ಕಾರಿನ ತಳವನ್ನು ಸ್ಕ್ರೂ ಡ್ರೈವರಿನಿಂದ ಮೆಲ್ಲನೆ ಒತ್ತಿದೆನು. ಅದರ ತುದಿ ಹೊಳೆಯುತ್ತಿದ್ದ ಹೊಸ ಲೇಪವನ್ನು ಭೇದಿಸಿ ಚಾಲಕನ ಆಸನದ ಅಡಿಯಲ್ಲಿ ಮೂಡಿತು! ಹಿಂದಿನ ವಾರವಷ್ಟೇ ಅವರು ಅದರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಿರಸಿಗೆ ಹೋಗಿಬಂದಿದ್ದರು.

ಹಾಗಾದರೆ ಹಳೆಯ ಲೇಪವನ್ನು ತೆಗೆಯುವುದೆಂತು? ಬೆಂಕಿಯ ಜ್ವಾಲೆ ಸಲ್ಲದು. ಪೆಟ್ರೋಲಿನ ನಾಳಗಳು ಸಮೀಪದಲ್ಲಿಯೇ ಇವೆ. ಯಂತ್ರದ ತಂತಿಕುಂಚದಿಂದ ಒಣದಾಗಿ ಉಜ್ಜುವುದೂ ಬೇಡ. ಹಿಂದಿನ ಕೆಲವು ಲೇಪಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಎಳೆಗಳಿರುತ್ತಿದ್ದವು, ಅವು ಕಣ್ಣಿಗೆ ಗೋಚರಿಸವು. ಪೆಟ್ರೋಲ್ ಟ್ಯಾಂಕನ್ನು ಕಳಚಿಟ್ಟು, ಬಿಸಿಗಾಳಿಯಿಂದ ಲೇಪವನ್ನು ಮೃದುಗೊಳಿಸಿ, ಕರಣೆಯಿಂದ ಎಬ್ಬಿಸುವುದು ಲೇಸು. ತಗಡು ಆರಿದ ಮೇಲೆ ಉಳಿದ ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಬಹುದು. ಹೊರದೇಶಗಳಲ್ಲಿ ಕೆಲವರು ಇದಕ್ಕೆ ವಿರುದ್ಧವಾಗಿ ಸೊನ್ನೆಗಿಂತ 78 ಡಿಗ್ರಿ ಸೆಂಟಿಗ್ರೇಡ್ ಕೆಳಗಿನ ಒಣ ಮಂಜುಗಡ್ಡೆಯನ್ನು ಬಳಸುತ್ತಾರೆ. ಆಗ ಲೇಪವು ಗಾಜಿನಂತೆ ಪೆಡಸಾಗಿ, ಸುತ್ತಿಗೆಯ ಸಣ್ಣ ಏಟಿಗೆ ಕಳಚಿ ಬೀಳುತ್ತದೆ. ಲೇಪವನ್ನು ಕೆಡಿಸಿದ ಹಿಗ್ಗು ಕುಗ್ಗುಗಳ ಅಂತರವೇ ಇಲ್ಲಿ ನಮಗೆ ಸಹಾಯಕವಾಗುತ್ತದೆ.

ಕೆಲಸ ಕಷ್ಟದ್ದು, ಕೊಳೆಯದು, ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದು. ಆದುದರಿಂದಲೇ ಅದನ್ನು ತಪ್ಪಿಸುವ ಮನಸ್ಸಾಗುತ್ತದೆ. ಆದರೂ ಬೆತ್ತಲೆ ಉಕ್ಕನ್ನು ಪರೀಕ್ಷಿಸಿ, ತೂತುಗಳಿಗೆ ಹೊಸ ತಗಡು ಬೆಸೆದು, ತುಕ್ಕುನಿರೋಧಕ ಬಣ್ಣ ಹಚ್ಚಿದ ಮೇಲೆಯೇ ಹೊಸ ಲೇಪ ಸಲ್ಲತಕ್ಕದ್ದು. ಹಳೆಯ ಕಾರನ್ನು ಗ್ಯಾರೇಜಿಗೊಪ್ಪಿಸುವವರು ಬಣ್ಣದ ಮಾತೆತ್ತುವ ಮೊದಲು, ತಳವನ್ನು ಬಯಲುಮಾಡಿ ತೋರಿಸಿರೆಂದು ಕೇಳಲಿ.