ಅಕ್ಷರ ಸಿಕ್ಕಿತು, ಅರ್ಥವೆಲ್ಲಿ?

ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಚದುರಂಗದ ಹುಚ್ಚು. ನನಗೆ ಎರಡು ವರ್ಷಗಳಿಂದ ಹತ್ತಿರುವುದು ಇಂಗ್ಲೀಷ್ ಪದಗಳ ಹುಚ್ಚು. ಇಂತಿಂಥ ಅಕ್ಷರಗಳಿರುವ ಪದವನ್ನು ಹುಡುಕಿ ತೆಗೆಯಬೇಕೆಂದರೆ ಸಾಕು, ಊಟ ನಿದ್ರೆಗಳ ಪರಿವೆ ಇರುವುದಿಲ್ಲ. ಇದನ್ನು ಓದಿ ನಮ್ಮ ಇಂಗ್ಲೀಷ್ ಅಧ್ಯಾಪಕರು ಮುಗುಳ್ನಗಬಹುದು; ಏಕೆಂದರೆ ಪಿ. ಯು. ಸಿ. ಪರೀಕ್ಷೆಯಲ್ಲಿ ಅದೇ ಇಂಗ್ಲೀಷಿನಲ್ಲಿ ಒಮ್ಮೆ ನಪಾಸಾಗಿ ಬಂದವನು ನಾನು. ಆದರೂ ಈ ಆಟದ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವುಂಟು. ಅದನ್ನು ಸಹಪಾಠಿಗಳ ಮುಂದಿಡಲು ಧೈರ್ಯ ಮಾಡಿದ್ದೇನೆ.

ಇಂಥ ಆಟಗಳಲ್ಲಿ ಹಿರಿಯದು ಸ್ಕ್ರ್ಯಾಬಲ್. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ವಾಸ್ತುಶಿಲ್ಪಿ ಇದನ್ನು ಕಲ್ಪಿಸಿದ. ವೃತ್ತಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ, ಅದಕ್ಕೆ ತಕ್ಕಂತೆ ಬಿಲ್ಲೆಗಳನ್ನೂ ಅಂಕಗಳನ್ನೂ ಹಂಚಿದ. ಸ್ಕ್ರ್ಯಾಬಲ್ ಎಂಬ ಹೆಸರು ಬಂದದ್ದು 1948ರಲ್ಲಿ. ಒಟ್ಟು 100 ಬಿಲ್ಲೆಗಳು. ಎಲ್ಲೆಲ್ಲಿಯೂ ಕಾಣುವ 'ಇ' ಅಕ್ಷರದ ಬಿಲ್ಲೆಗಳು 12, ಅಂಕ ತಲಾ 1. ಅಪರೂಪದ 'ಕ್ಯೂ' ಇರುವುದು ಒಂದೇ, ಅದಕ್ಕೆ ಅಂಕ 10. 2021ರಲ್ಲಿ ಬಂದ ವರ್ಡಲ್ ಎಂಬ ಐದಕ್ಷರದ ಆಟವನ್ನಂತೂ ನಮ್ಮಲ್ಲಿ ಅನೇಕರು ಬಸ್ಸಿನಲ್ಲಿ ಜೋತಾಡುತ್ತಲೇ ಆಡುತ್ತಾರೆ.

ಈ 'ಕ್ಯೂ' ಎಂಬ ಮಹಾಶಯ ಕೈಗೆ ಬಂದನೆಂದರೆ ಸಂಕಟ ಶುರುವಾಯಿತೆಂದೇ ತಿಳಿಯಿರಿ. ಅವನು 'ಯು'ವನ್ನು ಜೊತೆಗೆ ಕರೆದುಕೊಳ್ಳದೆ ಹೊಸಿಲು ದಾಟುವುದಿಲ್ಲ. 'ಯು' ಇಲ್ಲದಿದ್ದರೆ ಏನು ಗತಿ? ಅದಕ್ಕೂ ಈಗ ಉಪಾಯವಿದೆ. ಅಕ್ಷರಗಳನ್ನು ಮೊಬೈಲಿನಲ್ಲಿ ಒತ್ತಿದರೆ, ಅವುಗಳಿಂದಾಗುವ ಪದಗಳೆಲ್ಲ ಪಟ್ಟಿಯಾಗಿ ಇಳಿದುಬರುತ್ತವೆ. ನಾನೂ ಅಂಥ ಒಂದು ಪಟ್ಟಿಯನ್ನು ನೋಟುಪುಸ್ತಕಕ್ಕೆ ಇಳಿಸಿ, ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆ.

ಒಂದು ಭಾನುವಾರ ಶ್ರೀಗಂಧದ ಕಾವಲಿನ ನಮ್ಮ ಮನೆಯಲ್ಲಿ ಗೆಳೆಯನೊಡನೆ ಆಡುತ್ತಿದ್ದೆ. ಕೊನೆಯಲ್ಲಿ ನನ್ನ ಬಳಿ ಉಳಿದದ್ದು ಎರಡೇ ಬಿಲ್ಲೆ: 'ಕ್ಯೂ' ಮತ್ತು 'ಐ'. ಥಟ್ಟನೆ ಎರಡನ್ನೂ ಜೋಡಿಸಿಟ್ಟು, ಗೆದ್ದೆನೆಂದು ಚಪ್ಪಾಳೆ ತಟ್ಟಿದೆ. ಲೇತ್ ಕೆಲಸದಿಂದ ವಾರಕ್ಕೊಂದು ದಿನ ಬಿಡುವು ಪಡೆಯುವ ನಮ್ಮ ತಂದೆಯವರು ಕಾಫಿ ಕುಡಿಯುತ್ತ ನೋಡುತ್ತಿದ್ದರು.

"ಏನೋ ಅದು? ಹಾಗಂದರೇನು?"

"ಗೊತ್ತಿಲ್ಲ ಅಪ್ಪ. ಪಟ್ಟಿಯಲ್ಲಿತ್ತು."

"ಗೊತ್ತಿಲ್ಲದ್ದನ್ನು ಇಟ್ಟು ಗೆದ್ದೆಯಾ?" ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾರಣ ಹೇಳುತ್ತೇನೆ. ನಾನು ನಪಾಸಾದ ವರ್ಷ ಗೈಡಿನಿಂದ 'ಮಳೆಗಾಲದ ಒಂದು ದಿನ' ಎಂಬ ಪ್ರಬಂಧವನ್ನು ಪೂರ್ಣವಿರಾಮ ಸಹಿತ ಉರು ಹಚ್ಚಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದು ಗ್ರಂಥಾಲಯದ ಉಪಯೋಗಗಳನ್ನು. ನಾನು ಎದೆಗುಂದದೆ ಮಳೆಯನ್ನೇ ಸುರಿಸಿ ಬಂದೆ! ಅಂದು ಗೈಡು, ಇಂದು ಪಟ್ಟಿ. ರೋಗ ಒಂದೇ, ಅಂಗಿ ಬೇರೆ.

ಇದಕ್ಕೆ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ: ಆಟದ ನಿಯಮ ಅರ್ಥವನ್ನು ಕೇಳುವುದಿಲ್ಲ, ಪದ ನಿಘಂಟಿನಲ್ಲಿದ್ದರೆ ಸಾಕು, ಎಂದು. ಮಾತು ನಿಜವೇ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬಾತ 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವ ಸ್ಕ್ರ್ಯಾಬಲ್ ಪಂದ್ಯವನ್ನು ಗೆದ್ದ. ಅವನಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಪದಕೋಶವನ್ನು ನೆನಪಿನಲ್ಲಿ ತುಂಬಿಕೊಂಡಿದ್ದ. 2024ರಲ್ಲಿ ಸ್ಪ್ಯಾನಿಷ್ ಭಾಷೆಯ ಪಂದ್ಯವನ್ನೂ ಹಾಗೆಯೇ ಗೆದ್ದ. ಆತನ ಜ್ಞಾಪಕಶಕ್ತಿಗೆ ನನ್ನ ನಮಸ್ಕಾರ. ಆದರೆ ಅವನಿಗೆ ಬೇಕಾದದ್ದು ಪಂದ್ಯ. ನಮಗೆ ಬೇಕಾದದ್ದು ಭಾಷೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮಂಥವರು ನಾಳೆ ಒಂದು ಅರ್ಜಿ ಬರೆಯಬೇಕು, ಸಂದರ್ಶನದಲ್ಲಿ ನಾಲ್ಕು ಮಾತು ಆಡಬೇಕು. ಅಲ್ಲಿ ಬಿಲ್ಲೆಗಳ ಅಂಕ ಕೂಡಿಸುವವರು ಯಾರೂ ಇರುವುದಿಲ್ಲ.

ಹಾಗೆಂದು ಆಟವನ್ನೇ ಬಿಡಬೇಕೆ? ಸರ್ವಥಾ ಕೂಡದು. ಅರ್ಥವನ್ನೂ ಕೇಳಿಕೊಂಡು ಆಡಿದರೆ ಅದರ ರುಚಿಯೇ ಬೇರೆ. ತಂದೆಯವರ ಪ್ರಶ್ನೆಯಿಂದ ಚುಚ್ಚಿಸಿಕೊಂಡ ನಾನು ಮರುದಿನವೇ ನಮ್ಮ ಗ್ರಂಥಾಲಯದ ದೊಡ್ಡ ನಿಘಂಟನ್ನು ತೆರೆದೆ. ಆ ಎರಡಕ್ಷರದ ಪದ ಚೀನಾದಿಂದ ಬಂದದ್ದು, ಉಚ್ಚಾರಣೆ 'ಚೀ', ದೇಹದಲ್ಲಿ ಸಂಚರಿಸುವ ಪ್ರಾಣಶಕ್ತಿ ಎಂದು ಅರ್ಥ. 'ಯು'ವಿನ ಹಂಗಿಲ್ಲದ ಉಳಿದ 'ಕ್ಯೂ' ಪದಗಳನ್ನು ನೋಡಿದರೆ ಇನ್ನೂ ಆಶ್ಚರ್ಯ. ಫಕೀರ, ಕವ್ವಾಲಿ! ಅರಬ್ಬೀ ಮೂಲದಿಂದ ಹೊರಟು ಇಂಗ್ಲೀಷ್ ನಿಘಂಟಿಗೆ ಹೋಗಿ ಕುಳಿತ ಈ ಮಾತುಗಳನ್ನು ನಾವು ಬಾಲ್ಯದಿಂದ ಬೀದಿಯಲ್ಲಿ ಕೇಳಿದ್ದೇವೆ. ಪರಕೀಯವೆಂದು ನಾನು ಬಾಯಿಪಾಠ ಮಾಡಿದ್ದು ನನ್ನ ನೆರೆಹೊರೆಯನ್ನೇ.

ಅಂದಿನಿಂದ ಮೊಬೈಲನ್ನು ಚೀಲದೊಳಗಿಟ್ಟು ಹುಡುಕುವ ಅಭ್ಯಾಸ ಮಾಡಿದೆ. ಒಂದು ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತ, ನಮ್ಮ ಬಡಾವಣೆಯ ಹೆಸರನ್ನೇ ಇಂಗ್ಲೀಷಿನಲ್ಲಿ ಬರೆದುಕೊಂಡೆ. ಎಣಿಸಿದರೆ 16 ಅಕ್ಷರ. ಅದರಲ್ಲಿ 'ಎ' ಐದು ಸಲ, 'ಇ' ಒಂದೂ ಇಲ್ಲ. ಇವುಗಳಿಂದ ಏನೇನು ಪದ ಹೊರಡುತ್ತದೆ ನೋಡೋಣವೆಂದು ತೊಡಗಿದೆ. ಹೂಮಾಲೆಯೆಂಬ ಅರ್ಥದ ಗಾರ್ಲೆಂಡ್ ಸಿಕ್ಕಿತು. ಬಸ್ಸು ಹತ್ತುವಾಗ ಹಿಡಿಯುವ ಕಂಬಿ, ಹ್ಯಾಂಡ್‌ರೇಲ್, ಸಿಕ್ಕಿತು. ದ್ವೀಪವೆಂಬ ಐಲೆಂಡ್ ಸಿಕ್ಕಿತು. ಅದರ ನಡುವೆ ಸದ್ದಿಲ್ಲದೆ ಕುಳಿತಿರುವ 'ಎಸ್' ಏಕೆ ಎಂದು ಆಮೇಲೆ ನಿಘಂಟಿನಲ್ಲಿ ನೋಡಿದೆ. ಹಳೆಯ ಇಂಗ್ಲೀಷಿನಲ್ಲಿ ಅದು ಇರಲೇ ಇಲ್ಲ; ಲ್ಯಾಟಿನ್ನಿಗೆ ಸಂಬಂಧವಿದೆಯೆಂದು ತಪ್ಪು ತಿಳಿದ ಪಂಡಿತರು ನಡುವೆ ತುರುಕಿದರಂತೆ. ಕಾಗುಣಿತ ತಪ್ಪಿದ್ದಕ್ಕೆ ಪೆಟ್ಟು ತಿಂದ ನನಗೆ ಇದರಿಂದ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ!

ಬಸ್ಸು ಬರುವ ಹೊತ್ತಿಗೆ ಮತ್ತೊಂದು ಕಣ್ಣಿಗೆ ಬಿತ್ತು: ಎಸ್, ಎ, ಎನ್, ಡಿ, ಎ, ಎಲ್. ಸ್ಯಾಂಡಲ್! ಶ್ರೀಗಂಧವೆಂಬ ಅರ್ಥದ ಇಂಗ್ಲೀಷ್ ಪದ ಶ್ರೀಗಂಧದ ಕಾವಲಿನ ಅಕ್ಷರಗಳಲ್ಲಿಯೇ ಅಡಗಿತ್ತು. ನಿಘಂಟು ಇನ್ನೂ ಹೇಳಿತು: ಕಾಲಿಗೆ ಮೆಟ್ಟುವ ಸ್ಯಾಂಡಲ್ ಗ್ರೀಕಿನಿಂದ ಬಂದ ಬೇರೆಯ ಪದ, ಮರದ ಸ್ಯಾಂಡಲ್ ನಮ್ಮ ಸಂಸ್ಕೃತದ 'ಚಂದನ'ದಿಂದ ಹೊರಟು, ಅರಬ್ಬರ ಬಾಯಲ್ಲಿ ತಿರುಗಿ, ಲ್ಯಾಟಿನ್ನನ್ನು ಹಾದು ಇಂಗ್ಲೆಂಡು ಸೇರಿದ್ದು. ಆ ಸಂಜೆ ತಂದೆಯವರಿಗೆ ಇದನ್ನೆಲ್ಲ ವಿವರಿಸಿದೆ. "ಇದನ್ನು ಗೊತ್ತಿದ್ದೇ ಇಟ್ಟೆ ಅನ್ನು" ಎಂದು ನಕ್ಕರು. ಪರೀಕ್ಷೆಯಲ್ಲಿ ಪಾಸಾದ ದಿನವೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

ಕನ್ನಡ ನೆಲದಲ್ಲಿ ಈ ಇಂಗ್ಲೀಷ್ ಆಟವೇಕೆ ಎನ್ನುವವರಿಗೂ ಒಂದು ಮಾತು. ಅಕ್ಷರದೊಡನೆ ಆಡುವ ಚಟ ನಮ್ಮವರಿಗೆ ಹೊಸದಲ್ಲ. ದಂಡಿಯ ದಶಕುಮಾರಚರಿತದಲ್ಲಿ ಪ್ರಿಯೆಯಿಂದ ತುಟಿ ಗಾಯವಾದ ಮಂತ್ರಗುಪ್ತ ಪ ಫ ಬ ಭ ಮಗಳಿಲ್ಲದೆ ತನ್ನ ಕಥೆಯನ್ನು ಹೇಳಿ ಮುಗಿಸುತ್ತಾನೆ. ಇನ್ನು ನಮ್ಮ ಪತ್ರಿಕೆಗಳ ಪದಬಂಧಗಳಿವೆ, ಅ. ನಾ. ಪ್ರಹ್ಲಾದರಾಯರೊಬ್ಬರೇ ಸಾವಿರಾರು ಪದಬಂಧಗಳನ್ನು ಹೆಣೆದಿದ್ದಾರೆ. ಅಲ್ಲಿ 'ಶ್ರೀ' ಎಂಬುದು ಒತ್ತು, ದೀರ್ಘ ಸಮೇತ ಒಂದೇ ಮನೆಯಲ್ಲಿ ಕೂರುತ್ತದೆ. ಇಂಗ್ಲೀಷಿನಲ್ಲಿ 11 ಮನೆ ಬೇಡುವ 'ಶ್ರೀಗಂಧದ' ಕನ್ನಡದಲ್ಲಿ ನಾಲ್ಕೇ ಮನೆಯಲ್ಲಿ ಮುಗಿಯುತ್ತದೆ. ಎರಡು ಆಟಗಳನ್ನೂ ಆಡಿದವನಿಗೆ ಎರಡು ಭಾಷೆಗಳ ಕಟ್ಟಡವೂ ತಿಳಿಯುತ್ತದೆ.

ಆದುದರಿಂದ ನನ್ನದೊಂದು ಸಲಹೆ. ವಾರಕ್ಕೊಂದು ಮಧ್ಯಾಹ್ನ ನಮ್ಮ ವಾಚನಾಲಯದಲ್ಲಿ ಈ ಆಟ ನಡೆಯಲಿ: ಒಂದು ವಾರ ಇಂಗ್ಲೀಷ್, ಒಂದು ವಾರ ಕನ್ನಡ. ಮೇಜಿನ ಮೇಲೆ ನಿಘಂಟಿರಲಿ, ಮೊಬೈಲು ಚೀಲದಲ್ಲಿರಲಿ. ಪದವಿಟ್ಟವನು ಅರ್ಥ ಹೇಳಲಿ. ಹೇಳಲಾರದಿದ್ದರೆ ಅರ್ಧ ಅಂಕ, ಜೊತೆಗೆ ಎಲ್ಲರಿಗೂ ಕೇಳುವಂತೆ ನಿಘಂಟನ್ನು ಓದುವ ಶಿಕ್ಷೆ. ಮೊದಲ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಹೆಸರನ್ನು ಬರೆದುಕೊಂಡು ಬನ್ನಿ. ಒಳಗೆ ಏನು ಅಡಗಿದೆಯೋ, ಕೂಡಿ ಹುಡುಕೋಣ.