ಕೆರೆಯೂ ಒಂದು ಕಟ್ಟಡ

ಬೆಂಗಳೂರಿನ ಚೆಂದದ ಕಟ್ಟಡಗಳನ್ನು ಹೆಸರಿಸಿ ಎಂದರೆ ವಿಧಾನಸೌಧ, ಅಠಾರ ಕಚೇರಿ, ಕಸ್ತೂರ್ಬಾ ರಸ್ತೆಯ ವಸ್ತುಸಂಗ್ರಹಾಲಯ, ಲಾಲ್‌ಬಾಗಿನ ಗಾಜಿನಮನೆ ಎಂದು ಪಟ್ಟಿ ಸಲೀಸಾಗಿ ಬೆಳೆಯುತ್ತದೆ. ಆ ಪಟ್ಟಿಗೆ ಯಾರೂ ಕೆರೆಯನ್ನು ಸೇರಿಸುವುದಿಲ್ಲ. ಕಟ್ಟಡಗಳ ನಡುವೆ ಹೇಗೋ ಉಳಿದುಕೊಂಡ ಖಾಲಿ ಜಾಗವೇ ಕೆರೆ ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ. ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನಿಂದ ಭಾಷ್ಯಂ ವೃತ್ತದ ಕಡೆಗೆ ದಿನವೂ ಸ್ಕೂಟರು, ಬಸ್ಸುಗಳಲ್ಲಿ ಹೋಗುವ ಸಾವಿರಾರು ಜನ ಒಂದು ದೊಡ್ಡ ಕಟ್ಟಡದ ಗೋಡೆಯ ಮೇಲೆಯೇ ಸಾಗುತ್ತಿರುತ್ತಾರೆ. ಆ ರಸ್ತೆ ಸ್ಯಾಂಕಿ ಕೆರೆಯ ಏರಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ತಗ್ಗು. ಆ ತಗ್ಗಿನ ಕಡೆಗೊಮ್ಮೆ ಕಣ್ಣು ಹಾಯಿಸಿದರೆ ಸಾಕು, ಈ ನೀರು ತಾನಾಗಿ ಅಲ್ಲಿ ನಿಂತದ್ದಲ್ಲ, ಯಾರೋ ಅಳೆದು ತೂಗಿ ನಿಲ್ಲಿಸಿದ್ದು ಎಂಬುದು ತಿಳಿಯುತ್ತದೆ.

ನಿಲ್ಲಿಸಿದವರು ರಿಚರ್ಡ್ ಹೀರಂ ಸ್ಯಾಂಕಿ. 1868ರಲ್ಲಿ ಮುಗಿದ ಅಠಾರ ಕಚೇರಿ, 1870ರ ಕಬ್ಬನ್ ಪಾರ್ಕ್, 1877ರ ವಸ್ತುಸಂಗ್ರಹಾಲಯ ಇವೆಲ್ಲ ಅವರ ಹೆಸರಿನೊಂದಿಗೆ ಬೆಸೆದುಕೊಂಡಿವೆ. 1882ರ ಈ ಕೆರೆಯೂ ಅವರದೇ. ಹತ್ತಿರದಲ್ಲೇ ಸರ್ಕಾರದ ಶ್ರೀಗಂಧದ ಕೋಠಿ ಇದ್ದುದರಿಂದ ಊರಿನ ಜನ ಇದನ್ನು ಗಂಧದಕೋಠಿ ಕೆರೆ ಎಂದೂ ಕರೆದರು. ಅಠಾರ ಕಚೇರಿಯ ಕೆಂಪು ಕಟ್ಟಡವನ್ನೂ ಕೆರೆಯನ್ನೂ ಕಟ್ಟಿಸಿದ್ದು ಒಬ್ಬರೇ ಎಂಜಿನಿಯರ್. 1980ರ ದಶಕದಲ್ಲಿ ಅಠಾರ ಕಚೇರಿಯನ್ನು ಕೆಡವುವ ಮಾತು ಬಂದಾಗ ನಾಗರಿಕರು ಅದನ್ನು ಎದುರಿಸಿ ನ್ಯಾಯಾಲಯದವರೆಗೂ ಹೋದರು, ಕಟ್ಟಡ ಉಳಿಯಿತು. ಇತಿಹಾಸ ಎಂದು ನಾವು ಅದನ್ನು ಗುರುತಿಸಿದೆವು. ಕೆರೆಗಳ ವಿಷಯದಲ್ಲಿ ಅದೇ ಗುರುತು ನಮ್ಮ ಕಣ್ಣಿಗೆ ಬೀಳಲಿಲ್ಲ.

ಸ್ಯಾಂಕಿ ಅವರಿಗೆ ಮಾತ್ರ ಅದು ಕಂಡಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟರ ಮಟ್ಟಿಗೆ ಮೈಸೂರು ಸೀಮೆಯ ಹಿಂದಿನವರು ಕೆರೆಗಳನ್ನು ಕಟ್ಟಿಟ್ಟಿದ್ದಾರೆಂದು ಅವರು ಬೆರಗಿನಿಂದ ಬರೆದಿದ್ದರು. ಬೆಂಗಳೂರಿನ ನೆಲವೇ ಅದಕ್ಕೆ ಸಾಕ್ಷಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ದಿಣ್ಣೆಯ ಮೇಲೆ ದೊಡ್ಡ ಹೊಳೆಯಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಮೊದಲ ಎರಡು ಕಣಿವೆಗಳದು ದಕ್ಷಿಣ ಪಿನಾಕಿನಿಯ ದಾರಿ, ಮೂರನೆಯದು ಅರ್ಕಾವತಿಯ ಮೂಲಕ ಕಾವೇರಿಯ ದಾರಿ. ಇಳಿಯುವ ನೀರಿಗೆ ಅಡ್ಡಲಾಗಿ ಮಣ್ಣಿನ ಏರಿ, ಅಲೆ ಬಡಿಯುವ ಮಗ್ಗುಲಿಗೆ ಕಲ್ಲಿನ ಹಾಸು, ಹೊಲಕ್ಕೆ ಬೇಕಾದಷ್ಟೇ ಬಿಡಲು ತೂಬು, ಹೆಚ್ಚಾದದ್ದು ಏರಿಯನ್ನು ಒಡೆಯದೆ ಹೊರಹೋಗಲು ಕೋಡಿ, ಕೋಡಿ ಬಿದ್ದ ನೀರನ್ನು ಮುಂದಿನ ಕೆರೆಗೆ ಮುಟ್ಟಿಸಲು ಕಾಲುವೆ. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಆದಾಯ. ಅಗರದ ಒಂಬತ್ತನೆಯ ಶತಮಾನದ ಶಾಸನವೊಂದು ಕೆರೆಗಳಿಗೆ ತೂಬು ಇಡಿಸಿದ ಸಂಗತಿಯನ್ನು ಹೇಳುತ್ತದೆ. ಕೆಂಪೇಗೌಡರ ಕೋಟೆಗಿಂತ ಆರೇಳು ಶತಮಾನ ಹಿಂದೆಯೇ ಈ ನೆಲದ ಜನ ತೂಬು ಇಡಿಸುವುದನ್ನು ಕಲ್ಲಿನಲ್ಲಿ ಕೊರೆದಿಡಬೇಕಾದ ಕೆಲಸ ಎಂದು ತಿಳಿದಿದ್ದರು. ಈ ನಗರದ ವಾಸ್ತುಶಿಲ್ಪದ ಚರಿತ್ರೆ ಆರಂಭವಾಗಬೇಕಾದ್ದು ಇಲ್ಲಿಂದ.

ಕಟ್ಟಡ ಎಂದಮೇಲೆ ಅದಕ್ಕೊಂದು ಕೆಲಸ, ಅದನ್ನು ನೋಡಿಕೊಳ್ಳಲು ಜನ ಇರಬೇಕು. ಕೆರೆಗೆ ಎರಡೂ ಇದ್ದವು. ತೂಬು ತೆರೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದವರು ನೀರುಗಂಟಿಗಳು. ಬೇಸಿಗೆಯಲ್ಲಿ ತಳ ಕಂಡ ಕೆರೆಯ ಗೋಡು ಎತ್ತಿನಗಾಡಿಗಳಲ್ಲಿ ಹೊಲ ಸೇರುತ್ತಿತ್ತು. ಹೂಳೆತ್ತುವ ಕೆಲಸ ಬೇಸಾಯದೊಳಗೇ ಅಡಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್‌ನಷ್ಟು ಎತ್ತರಕ್ಕೆ ನೀರನ್ನು ಏರಿಸಿ ತರುವ ಆ ಯೋಜನೆಯಿಂದ ಕೋಟಿ ಜನರ ನಗರ ಬದುಕಿದೆ, ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ನಲ್ಲಿ ಬಂದ ಮನೆಯಿಂದ ಕೆರೆ ಒಂದೊಂದೇ ಹೆಜ್ಜೆ ದೂರವಾಯಿತು. ಗದ್ದೆ ಬಡಾವಣೆಯಾದಾಗ ತೂಬಿಗೆ ಕೆಲಸ ತಪ್ಪಿತು, ನೀರುಗಂಟಿಗೂ ತಪ್ಪಿತು. ಕೆಲಸ ತಪ್ಪಿದ ಕಟ್ಟಡವನ್ನು ನಗರ ಖಾಲಿ ನಿವೇಶನ ಎಂದು ಓದಿತು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆ. ಧರ್ಮಾಂಬುಧಿಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ, ಚಲ್ಲಘಟ್ಟದಲ್ಲಿ ಗಾಲ್ಫ್ ಅಂಗಳ. ಸ್ಯಾಂಕಿ ಕೆರೆಗೆ ಜೊತೆಯಾಗಿದ್ದ ಮಿಲ್ಲರ್ ಕೆರೆಗಳು ರಸ್ತೆಯ ಹೆಸರಿನಲ್ಲಷ್ಟೇ ಉಳಿದಿವೆ. ಈ ಪಟ್ಟಿಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವುದು ಸಂಪಂಗಿ ಕೆರೆ. ಕ್ರೀಡಾಂಗಣದ ಮಗ್ಗುಲಲ್ಲಿ ಅದರ ಸಣ್ಣದೊಂದು ತುಣುಕು ಇನ್ನೂ ಇದೆ. ಚೈತ್ರದ ಕರಗದ ಹೊತ್ತಿಗೆ ತಿಗಳ ಸಮುದಾಯದವರು ಇಂದಿಗೂ ಅಲ್ಲಿಗೆ ಬರುತ್ತಾರೆ. ಹಸಿ ಕರಗದ ವಿಧಿಗೆ ಆ ನೀರೇ ಬೇಕು. ನಕ್ಷೆಯಲ್ಲಿ ಅಳಿಸಿಹೋದ ಕೆರೆಯನ್ನು ಒಂದು ಸಮುದಾಯ ತನ್ನ ಆಚರಣೆಯಲ್ಲಿ ಕಾಪಾಡಿಕೊಂಡು ಬಂದಿದೆ. ಕೆರೆಯ ಪಾತ್ರೆಯಲ್ಲಿ ಹೂವು, ತರಕಾರಿ ಬೆಳೆದು ಪೇಟೆಗೆ ಕೊಟ್ಟ ಜನರ ನೆನಪು ಅದು. ಸಂಸ್ಕೃತಿ ಎಂಬ ಮಾತಿಗೆ ನಾವು ಕೊಡುವ ಗೌರವ ಇಂಥ ನೆನಪಿಗೂ ಸಲ್ಲಬೇಕು.

ಉಳಿದಿರುವ ಕೆರೆಗಳ ಸುತ್ತ ಈಗ ಏನು ಕಟ್ಟುತ್ತಿದ್ದೇವೆ ಎಂಬುದನ್ನು ಗಮನಿಸಿ ನೋಡಬೇಕು. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರದ ಹಳೆಯ ಮನೆಗಳು ಕೆರೆಗೆ ಮುಖಮಾಡಿ ನಿಂತವಲ್ಲ. ಮಂಗಳೂರು ಹೆಂಚು, ಕಿಟಕಿಯ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್, ಮುಂದೆ ಜಗಲಿ, ಹಿತ್ತಲಲ್ಲಿ ಬಾವಿ. ಆ ಬಾವಿಯೇ ಅವಕ್ಕೂ ಕೆರೆಗೂ ಇದ್ದ ನಂಟು. ಕೆರೆ ತುಂಬಿದರೆ ಬಾವಿಯ ಹಗ್ಗ ಗಿಡ್ಡವಾದರೂ ಸಾಲುತ್ತಿತ್ತು. ಇವತ್ತು ಕೆರೆಯಂಚಿನ ಬಹುಮಹಡಿ ಮನೆಗಳ ಬಾಲ್ಕನಿಗಳೆಲ್ಲ ನೀರಿನತ್ತ ತಿರುಗಿವೆ, ಗಾಜಿನ ಕಟಾಂಜನ ಹೊತ್ತಿವೆ. ಕೆರೆ ಕಾಣುವ ಮಹಡಿಗೆ ಬೆಲೆ ಹೆಚ್ಚು. ಅದೇ ಕಟ್ಟಡದ ಹಿಂದೆ ಹಾದುಹೋಗುವ ರಾಜಕಾಲುವೆಗೆ ಮಾತ್ರ ಎತ್ತರದ ಕಾಂಪೌಂಡು, ಕಿಟಕಿಯಿಲ್ಲದ ಗೋಡೆ. ಕೆರೆಗೆ ಮುಖ, ಕಾಲುವೆಗೆ ಬೆನ್ನು. ಕೆರೆ ಬದುಕುವುದು ಕಾಲುವೆಯಿಂದ ಎಂಬ ಸರಳ ಸತ್ಯ ಈ ವಾಸ್ತುವಿನಲ್ಲಿ ಎಲ್ಲೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಂಗಲೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತಂದಾಗ, ನೀರು ತನ್ನ ಹಳೆಯ ದಾರಿಯನ್ನೇ ಹಿಡಿದಿತ್ತು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 2024ರ ಬೇಸಿಗೆಯಲ್ಲಿ, ಇದೇ ನಗರದ ಕೊಳವೆಬಾವಿಗಳು ಬತ್ತಿ ಟ್ಯಾಂಕರ್‌ಗಳಿಗಾಗಿ ಜನ ಕಾದರು. ನೆರೆ ಮತ್ತು ಬರ ಇಲ್ಲಿ ಬೇರೆಬೇರೆ ಸಂಕಟಗಳಲ್ಲ. ಎರಡೂ ಒಂದೇ ಕಟ್ಟಡದ ಪಾಳುಬಿದ್ದ ಭಾಗಗಳಿಂದ ಹುಟ್ಟಿದವು.

ನೋಟವನ್ನೇ ಮುಖ್ಯ ಮಾಡಿಕೊಂಡ ಕಣ್ಣು ಕೆರೆಯ ಸ್ವಭಾವವನ್ನೂ ಬದಲಿಸಿದೆ. ಮಳೆಗಾಲದಲ್ಲಿ ತುಂಬಿ, ಬೇಸಿಗೆಯಲ್ಲಿ ಇಳಿಯುವುದು ನಮ್ಮ ಕೆರೆಗಳ ಲಯ. ನೀರು ಇಳಿದಾಗ ತೆರೆದುಕೊಳ್ಳುವ ಕೆಸರಿನ ಅಂಚಿನಲ್ಲಿಯೇ ಮೆಟ್ಟುಗಾಲು ಹಕ್ಕಿ, ಕೊಕ್ಕರೆ, ಗದ್ದೆಗೊರವಗಳ ಊಟ. ಈಗ ಬಯಲಾದ ಅಂಚು ಕಂಡರೆ ಕೆರೆ ಸತ್ತಿತೆಂದು ದೂರು ಹೋಗುತ್ತದೆ. ಹಾಗಾಗಿ ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲೂ ಏರಿ ಎಬ್ಬಿಸಿ, ತಳವನ್ನು ಒಂದೇ ಸಮನೆ ಆಳ ಮಾಡಿ, ಮೇಲೆ ನಡಿಗೆಯ ಹಾದಿ ಹಾಸುತ್ತಾರೆ. ಹುಲ್ಲು ಜೊಂಡು ಬೆಳೆಯುವ ತೆಳುನೀರು ಇಲ್ಲವಾಗುತ್ತದೆ. ಹರಿದು ಬರಬೇಕಾದ ಮಳೆನೀರಿಗೆ ಆ ಸುತ್ತೇರಿಯೇ ಅಡ್ಡವಾಗುತ್ತದೆ. ಬದಲಿಗೆ ವರ್ಷವಿಡೀ ಬತ್ತದೆ ಬರುವುದು ಕೊಳಚೆ. ಬೆಳ್ಳಂದೂರು ಕೆರೆಯ ನೊರೆ ಮತ್ತು ಬೆಂಕಿಯನ್ನು ಜಗತ್ತೇ ನೋಡಿತು. ಕೆರೆಯ ನೀರಿನ ಮೇಲೆ ಹೊಗೆ ಏಳುವುದನ್ನು ನೋಡಿದ ತಲೆಮಾರು ನಮ್ಮದು.

ಇನ್ನೊಂದು ಸಂಗತಿ ಬೇಲಿಯದು. ಬೆಳಗಾಗುವ ಮೊದಲೇ ಕೆರೆಯ ಗೇಟಿನ ಬಳಿ ಬೂದುಗುಂಬಳದ ರಸ, ಮೊಳಕೆಕಾಳು ಮಾರುವವರು ಬಂದಿರುತ್ತಾರೆ. ಒಳಗೆ ಚುರುಕು ಹೆಜ್ಜೆಯ ನಡುವಯಸ್ಸಿನವರು, ಕಲ್ಲುಬೆಂಚಿನ ಮೇಲೆ ಮೊಮ್ಮಕ್ಕಳ ಮದುವೆ ಮಾತಾಡುವ ಹಿರಿಯರು, ಕ್ಯಾಮೆರಾ ಹಿಡಿದ ಹಕ್ಕಿಪ್ರಿಯರು. ಇದು ನಗರದ ನಿಜವಾದ ಸಂಪತ್ತು. ಆದರೆ ಅನೇಕ ಕೆರೆಗಳ ಗೇಟು ನಡುಹಗಲಿಗೆ ಮುಚ್ಚುತ್ತದೆ. ಆ ಹೊತ್ತಿಗೆ ಊಟ ತಲುಪಿಸುವ ಹುಡುಗರು ಬೈಕಿನ ಮೇಲೆಯೇ ಒರಗಿ ಹೊರಗಿನ ಮಳೆಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ; ಮನೆಗೆಲಸ ಮುಗಿಸಿದ ಹೆಂಗಸರು ಮುಂದಿನ ಮನೆಯ ಹೊತ್ತಾಗುವವರೆಗೆ ಪಾದಚಾರಿ ಹಾದಿಯ ಅಂಚಿನಲ್ಲಿ ಕೂರುತ್ತಾರೆ. ಹಿಂದೆ ಕೆರೆ ಅಗಸರದೂ, ಮೀನುಗಾರರದೂ, ದನ ಮೇಯಿಸುವವರದೂ ಆಗಿತ್ತು. ಬೇಲಿ ಕೆರೆಯನ್ನು ಒತ್ತುವರಿಯಿಂದ ಕಾದಿದೆ, ನಿಜ. ಅದರ ಜೊತೆಗೇ ಕೆರೆಯನ್ನು ನಡೆಯಲು ಬಿಡುವಿರುವವರ ಸ್ವತ್ತಾಗಿಯೂ ಮಾಡಿದೆ. ಕೆರೆಗೆ ಹೆಚ್ಚು ಜನರ ಸಂಬಂಧ ಇದ್ದಷ್ಟೂ ಅದನ್ನು ಕಾಯುವ ಕಣ್ಣುಗಳು ಹೆಚ್ಚು.

ನಿರಾಶೆಯ ಮಾತಿನಲ್ಲೇ ನಿಲ್ಲಬೇಕಿಲ್ಲ. ಜಕ್ಕೂರಿನಲ್ಲಿ ಸಂಸ್ಕರಿಸಿದ ಕೊಳಚೆನೀರು ಜೊಂಡಿನ ಜೌಗನ್ನು ಹಾದು ತಿಳಿಯಾಗಿ ಕೆರೆ ಸೇರುತ್ತದೆ. ಅಲ್ಲಿ ಮೀನುಗಾರರ ತೆಪ್ಪಗಳೂ ಇವೆ, ಹೆಜ್ಜಾರ್ಲೆಗಳೂ ಇವೆ. ಕೈಕೊಂಡ್ರಹಳ್ಳಿಯಲ್ಲಿ, ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ ನೆರೆಹೊರೆಯ ಜನ ಕೆರೆಯ ಉಸ್ತುವಾರಿಗೆ ಹೆಗಲು ಕೊಟ್ಟಿದ್ದಾರೆ. ನೀರುಗಂಟಿಯ ಜಾಗಕ್ಕೆ ಹೊಸ ಕಾಲದ ಜನ ಬಂದಂತಾಗಿದೆ. ಸ್ಯಾಂಕಿ, ಹಲಸೂರು ಮುಂತಾದ ಕೆರೆಗಳಲ್ಲಿ ಗಣೇಶನ ವಿಸರ್ಜನೆಗೆಂದು ಬದಿಯಲ್ಲೇ ಕಲ್ಯಾಣಿ ಕಟ್ಟಿದ್ದು ಸಣ್ಣ ಕೆಲಸವಾಗಿ ಕಾಣಬಹುದು. ಹಬ್ಬಕ್ಕೂ ನೀರಿಗೂ ಬಂದ ತಕರಾರನ್ನು ಮೆಟ್ಟಿಲುಗಳ ಒಂದು ಕೊಳ ಬಿಡಿಸಿತು. ಯಾರ ಭಕ್ತಿಗೂ ಕುಂದು ಬರಲಿಲ್ಲ, ಕೆರೆಗೆ ಸೇರುತ್ತಿದ್ದ ಬಣ್ಣದ ವಿಷವೂ ಕಡಿಮೆಯಾಯಿತು. ಒಳ್ಳೆಯ ವಾಸ್ತು ಮಾಡಬೇಕಾದ ಕೆಲಸವೇ ಇದು. ಸ್ಯಾಂಕಿ ಕೆರೆಯ ಪಕ್ಕದ ರಸ್ತೆಯಲ್ಲಿ ಮೇಲ್ಸೇತುವೆಯ ಯೋಜನೆ ಬಂದಾಗ 2023ರಲ್ಲಿ ಮಕ್ಕಳು, ಮುದುಕರೆನ್ನದೆ ಮಲ್ಲೇಶ್ವರದ ಜನ ಬೀದಿಗಿಳಿದರು. ಅಠಾರ ಕಚೇರಿಗೆ ದೊರೆತ ಪ್ರೀತಿ ಕೆರೆಗೂ ದೊರೆಯತೊಡಗಿದೆ.

ನಮ್ಮ ಕೋರಿಕೆ ಈ ಪ್ರೀತಿ ತಿಳಿವಳಿಕೆಯಾಗಿ ಬಲಿಯಲಿ ಎಂಬುದು. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿ ಏರಿ, ತೂಬು, ಕೋಡಿ ಕೂಡ ಹೆಸರು ಹೇಳಿ ಸೇರಲಿ. ಆಗ ಕೋಡಿಯನ್ನು ಕಾಂಕ್ರೀಟು ಹಾಕಿ ಮುಚ್ಚುವುದು ಪುರಾತನ ಗೋಪುರವೊಂದನ್ನು ಉರುಳಿಸಿದಷ್ಟೇ ಗಂಭೀರ ಅಪರಾಧವಾಗಿ ಕಾಣುತ್ತದೆ. ನೀರು ಎಲ್ಲಿಂದ ಬರುತ್ತದೆ, ತುಂಬಿದರೆ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆಯೊಂದು ಪ್ರತಿ ಕೆರೆಯ ಗೇಟಿನಲ್ಲಿ ಕನ್ನಡದಲ್ಲಿ ಇರಲಿ. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮುಂಭಾಗದ ಚಿತ್ರ ಬರೆಯುವ ಮೊದಲು ನಿವೇಶನದ ಹಿಂದಿನ ಕಾಲುವೆಯ ಇಳಿಜಾರನ್ನು ಅಳೆಯುವುದನ್ನು ಕಲಿಯಲಿ. ನಡುಹಗಲಿನ ಗೇಟು ತೆರೆಯಲಿ.

ಈ ಸಂಚಿಕೆಯನ್ನು ನಗರ ಮತ್ತು ನೀರಿನ ಬರಹಗಳಿಗೆ ಮೀಸಲಿಟ್ಟಿರುವುದು ಇದೇ ಕಾರಣಕ್ಕೆ. ಓದುಗರಿಗೆ ನಮ್ಮದೊಂದು ಬೇಡಿಕೆಯಿದೆ. ಬರುವ ಮುಂಗಾರಿಗೆ ಮೊದಲು ನಿಮ್ಮ ಮನೆಗೆ ಹತ್ತಿರದ ಕೆರೆಯ ಕೋಡಿ ಎಲ್ಲಿದೆ ಎಂದು ಹುಡುಕಿ. ಅದು ತೆರೆದಿದೆಯೋ ಮುಚ್ಚಿಹೋಗಿದೆಯೋ, ಅದರ ನೀರಿಗೆ ಮುಂದಿನ ಕೆರೆಯವರೆಗೆ ದಾರಿ ಉಳಿದಿದೆಯೋ ಇಲ್ಲವೋ, ಅಲ್ಲಿನ ಹಿರಿಯರು ಅದರ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಬರೆದು ಕಳಿಸಿ. ಮೈಸೂರು, ಧಾರವಾಡ, ದಾವಣಗೆರೆ, ಯಾವ ಊರಿನದಾದರೂ ಸರಿ. ಮುಂದಿನ ಸಂಚಿಕೆಗಳಲ್ಲಿ ಅವನ್ನು ಪ್ರಕಟಿಸುತ್ತೇವೆ, ಆಯಾ ಊರಿನ ಆಡಳಿತಕ್ಕೂ ತಲುಪಿಸುತ್ತೇವೆ. ಹೇಗೆ ಕೆಲಸ ಮಾಡುತ್ತದೆಂದು ತನ್ನ ಜನರಿಗೆ ಗೊತ್ತಿರುವ ಕೆರೆಯನ್ನು ನುಂಗುವುದು ಯಾರಿಗೂ ಅಷ್ಟು ಸುಲಭವಲ್ಲ.